ಫಿಲೋಮಿನಾಳ ಮನೆಯ ಬಾಡಿಗೆಯವಳು

ಕಾಗದ ಬಂದದ್ದು ಸೆಪ್ಟೆಂಬರಿನ ಕೊನೆಯ ಶುಕ್ರವಾರ. ಅಂಚೆ ವ್ಯಾನು ಫಿಲೋಮಿನಾಳ ಗೇಟಿನ ಮುಂದೆ ನಿಂತಾಗ ನಾನು ಪಕ್ಕದ ಹೊಲದಲ್ಲಿ ಬೇಲಿಯ ಗೂಟ ಹೊಡೆಯುತ್ತಿದ್ದೆ. ಜುಸಾರಾ ಬಾಗಿಲಿಗೆ ಬಂದು ಲಕೋಟೆ ತೆಗೆದುಕೊಂಡಳು. ಅದರ ಮೇಲಿನ ಸರ್ಕಾರಿ ಮುದ್ರೆಯನ್ನು ನೋಡಿ, ಒಡೆಯದೆ ಹಾಗೇ ಏಪ್ರನ್ನಿನ ಜೇಬಿಗೆ ಸೇರಿಸಿ ಒಳಗೆ ಹೋದಳು. ದಿನಾ ನನ್ನ ಕಡೆ ಕೈಬೀಸುವವಳು ಅವತ್ತು ಬೀಸಲಿಲ್ಲ.

ಈ ಕಥೆಯಲ್ಲಿ ನಾನು ಕಣ್ಣಾರೆ ಕಂಡದ್ದು ಅರ್ಧ. ಉಳಿದರ್ಧ ಆ ಮನೆಯವರೇ ಒಬ್ಬೊಬ್ಬರಾಗಿ ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದ್ದು. ಒಂಟಿ ಗಂಡಸಿನ ಮನೆಗೆ ಜನ ಮನಸ್ಸು ಹಗುರ ಮಾಡಿಕೊಳ್ಳಲು ಬರುತ್ತಾರೆ. ನನ್ನ ಚಹಾದ ರುಚಿಗಂತೂ ಯಾರೂ ಬರುವುದಿಲ್ಲ.

ಫಿಲೋಮಿನಾಗೆ ಎಪ್ಪತ್ತೊಂದು. ಗಂಡ ತೀರಿಕೊಂಡು ಹತ್ತು ವರ್ಷವಾಯಿತು. ಚರ್ಚಿನಲ್ಲಿ ಬಲಿಪೀಠಕ್ಕೆ ಹೂವು ಜೋಡಿಸುವುದು, ಭಾನುವಾರ ಪಾದ್ರಿಯ ಪಕ್ಕ ನಿಂತು ಪರಮಪ್ರಸಾದ ಹಂಚುವುದು ಅವಳ ಕೆಲಸ, ಅವಳ ಹೆಮ್ಮೆ ಕೂಡ. ಮಗ ಕಾರ್ಮಕ್ ಡೈರಿಯ ಹಾಲಿನ ಟ್ಯಾಂಕರ್ ಓಡಿಸುತ್ತಾನೆ. ಮದುವೆ ಮುರಿದುಬಿದ್ದ ಮೇಲೆ ಅಮ್ಮನ ಮನೆಗೆ ವಾಪಸು ಬಂದ. ಓದಲು ಬಂದು ಪೇಟೆಯ ವೃದ್ಧಾಶ್ರಮದಲ್ಲಿ ಕೆಲಸಕ್ಕಿದ್ದ ಬ್ರೆಜಿಲ್‌ನ ಜುಸಾರಾ ಪರಿಚಯವಾದಳು. ಮೂರು ವರ್ಷದಿಂದ ಅವಳೂ ಅದೇ ಮನೆಯಲ್ಲಿದ್ದಳು. ಮದುವೆಯಾಗೋಣವೆಂದರೆ, ಗಂಡ ಹೆಂಡತಿ ನಾಲ್ಕು ವರ್ಷ ಬೇರೆ ಬಾಳದೆ ನಮ್ಮ ಐರ್ಲೆಂಡಿನಲ್ಲಿ ಆಗ ವಿಚ್ಛೇದನವಿರಲಿಲ್ಲ. ಕಾರ್ಮಕ್‌ಗೆ ಇನ್ನೂ ಎಂಟು ತಿಂಗಳು ಬಾಕಿಯಿತ್ತು. ಚರ್ಚಿನಲ್ಲಂತೂ ಅವನಿಗೆ ಇನ್ನೊಂದು ಮದುವೆಯ ಮಾತೇ ಇಲ್ಲ. ಜುಸಾರಾಳ ವಿದ್ಯಾರ್ಥಿ ಪರವಾನಗಿ ಮುಗಿಯುತ್ತ ಬಂದಾಗ ಉಳಿದದ್ದು ಒಂದೇ ದಾರಿ. ಮದುವೆಯಾಗದ ಸಂಗಾತಿ ಎಂದು ಹೇಳಿಕೊಂಡು ಇಲ್ಲಿ ವಾಸಕ್ಕೆ ಅರ್ಜಿ ಹಾಕಿದಳು.

ಅವತ್ತು ಸಂಜೆ ಕಾರ್ಮಕ್ ಎಂದಿನಂತೆ ದೂರವಾದ ಹೆಂಡತಿಯ ಮನೆಯಿಂದ ಮಗಳು ಏಥ್ನಾಳನ್ನು ಕರೆದುಕೊಂಡು ಬಂದ. ಹದಿನೈದರ ಹುಡುಗಿ, ಶನಿವಾರ ಭಾನುವಾರ ಇಲ್ಲೇ ಇರುತ್ತಾಳೆ. ಶುಕ್ರವಾರ ಮಾಂಸ ಮುಟ್ಟದ ಮನೆಯಾದ್ದರಿಂದ ಮೀನು, ಬೇಯಿಸಿದ ಆಲೂಗಡ್ಡೆ. ಎಲ್ಲರೂ ಕೂತ ಮೇಲೆ ಜುಸಾರಾ ಲಕೋಟೆಯನ್ನು ಕಾರ್ಮಕ್‌ನ ತಟ್ಟೆಯ ಪಕ್ಕ ಇಟ್ಟಳು. ಅವನು ಬೆಣ್ಣೆಯ ಚಾಕುವಿನಿಂದಲೇ ಒಡೆದು ಓದಿದ.

"ಇಲ್ಲ ಅಂದಿದ್ದಾರೆ," ಅಂದ.

"ಯಾಕಂತೆ?" ಏಥ್ನಾ ಕೇಳಿದಳು.

ಕಾರಣ ಎರಡಿತ್ತು. ವಿದ್ಯುತ್ತು, ಫೋನು, ಟಿವಿ, ಯಾವ ಬಿಲ್ಲಿನಲ್ಲೂ ಇವರಿಬ್ಬರ ಹೆಸರಿಲ್ಲ, ಎಲ್ಲವೂ ಫಿಲೋಮಿನಾಳ ಹೆಸರಿನಲ್ಲಿವೆ ಎಂಬುದು ಮೊದಲನೆಯದು. ಎರಡನೆಯದನ್ನು ಕಾರ್ಮಕ್ ಎರಡು ಸಲ ಓದಬೇಕಾಯಿತು. ಅರ್ಜಿದಾರಳು ತಾನೇ ಲಗತ್ತಿಸಿರುವ ಧರ್ಮಕೇಂದ್ರದ ಗುರುಗಳ ಪತ್ರದ ಪ್ರಕಾರ ಆಕೆ ಶ್ರೀಮತಿ ಫಿಲೋಮಿನಾ ಅವರ ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಪಡೆದಿರುವ ಸಭ್ಯ, ದೈವಭಕ್ತ ಯುವತಿ. ಆದ್ದರಿಂದ ಸಂಗಾತಿ ಎಂಬ ಮಾತನ್ನು ಒಪ್ಪಲಾಗದು. ಹದಿನೈದು ಕೆಲಸದ ದಿನಗಳಲ್ಲಿ ಉತ್ತರ ಕೊಡದಿದ್ದರೆ ದೇಶದಿಂದ ಹೊರಗೆ ಕಳುಹಿಸುವ ಕ್ರಮ ಶುರುವಾಗುತ್ತದೆ.

ಫಿಲೋಮಿನಾ ಎದ್ದು ಒಲೆಯ ಹತ್ತಿರ ಹೋಗಿ ಆಲೂಗಡ್ಡೆಯ ನೀರು ಬಸಿಯಲು ಪಾತ್ರೆ ಎತ್ತಿದಳು. ಆಲೂಗಡ್ಡೆ ಆಗಲೇ ಮೇಜಿನ ಮೇಲಿತ್ತು.

ಆ ಪತ್ರದ ವಿಷಯ ಹೇಳಬೇಕು. ಪಾದ್ರಿಯ ಕಾಗದವೊಂದಿದ್ದರೆ ಶಾಲೆಯಲ್ಲಿ ಸೀಟು, ಬ್ಯಾಂಕಿನಲ್ಲಿ ಸಾಲ, ಎಲ್ಲಿ ಬೇಕಾದರೂ ಕೆಲಸ ಎಂದು ನಂಬಿ ಬೆಳೆದವರು ನಾವು. ಅರ್ಜಿಗೆ ಮನೆಯ ಯಜಮಾನಿ ನೀನೂ ಒಂದು ಕಾಗದ ಬರೆದುಕೊಡು ಎಂದು ಕಾರ್ಮಕ್ ಕೇಳಿದ್ದಾಗ ಫಿಲೋಮಿನಾ, ಮುದುಕಿಯ ಮಾತು ಯಾರಿಗೆ ಬೇಕು, ಫಾದರ್ ಕೋಲ್ಮನ್ ಬರೆದರೆ ತೂಕ ಎಂದಿದ್ದಳು. ಫಾದರ್ ಖುಷಿಯಿಂದಲೇ ಬರೆದು, ಲಕೋಟೆ ಅಂಟಿಸಿ, ಮೇಲೆ ಚರ್ಚಿನ ಮುದ್ರೆ ಒತ್ತಿ ಕೊಟ್ಟರು. ಪಾದ್ರಿ ಅಂಟಿಸಿದ್ದನ್ನು ಒಡೆಯುವುದು ನಮ್ಮಲ್ಲಿ ಯಾರ ಕೈಯಲ್ಲೂ ಆಗುವ ಕೆಲಸವಲ್ಲ. ಕಾರ್ಮಕ್ ಅದನ್ನು ಹಾಗೇ ಫೈಲಿನ ಎಲ್ಲಕ್ಕಿಂತ ಮೇಲೆ ಇಟ್ಟು ಕಳಿಸಿದ್ದ.

"ಫಾದರಿಗೆ ಯಾರು ಹೇಳಿದ್ರು ಇದನ್ನ?" ಎಂದ ಈಗ. "ನಾಳೆ ಬೆಳಿಗ್ಗೆ ಹೋಗಿ ಕೇಳ್ತೀನಿ."

"ಫಾದರ್ ಲೂರ್ದಿಗೆ ಯಾತ್ರೆ ಹೋಗಿದ್ದಾರೆ, ರೋಗಿಗಳನ್ನ ಕರ್ಕೊಂಡು," ಎಂದಳು ಫಿಲೋಮಿನಾ ಒಲೆಯ ಕಡೆಗೇ ಮುಖ ಮಾಡಿಕೊಂಡು. "ನಮ್ಮ ಮನೆ ಪೂಜೆಯ ಹಿಂದಿನ ದಿನ ಬರೋದು. ಮನೆಗೇ ಬರ್ತಾರಲ್ಲ, ಪೂಜೆ ಮುಗೀಲಿ, ಆಗ ಕೇಳು. ಅದಕ್ಕೆ ಮುಂಚೆ ರಂಪ ಬೇಡ."

ನಮ್ಮ ಕಡೆ ವರ್ಷಕ್ಕೆರಡು ಸಲ ಸರದಿಯ ಮೇಲೆ ಒಂದೊಂದು ಮನೆಯಲ್ಲಿ ಬಲಿಪೂಜೆ ನಡೆಯುತ್ತದೆ. ಪಾದ್ರಿ ಮನೆಗೇ ಬಂದು, ಒಂದು ಕೋಣೆಯಲ್ಲಿ ಕೂತು ಎಲ್ಲರ ಪಾಪನಿವೇದನೆ ಕೇಳಿ, ಅಡುಗೆಮನೆಯ ಮೇಜಿನ ಮೇಲೆ ಪೂಜೆ ಮಾಡುತ್ತಾರೆ. ಆಮೇಲೆ ಅಕ್ಕಪಕ್ಕದವರೆಲ್ಲ ಅಲ್ಲೇ ಕೂತು ತಿಂಡಿ ತಿನ್ನಬೇಕು. ಒಂದು ಮನೆಗೆ ಸರದಿ ಬರಲು ಎಂಟು ಒಂಬತ್ತು ವರ್ಷ ಬೇಕು. ಬಂದಾಗ ಮನೆಗೆಲ್ಲ ಬಣ್ಣ ಬಳಿಯುವುದು ರೂಢಿ. ಆ ವರ್ಷ ಅಕ್ಟೋಬರಿನ ಎರಡನೇ ಶನಿವಾರ ಫಿಲೋಮಿನಾಳ ಸರದಿ.

ಏಥ್ನಾ ಬೆರಳು ಮಡಿಸಿ ಲೆಕ್ಕ ಹಾಕಿದಳು. "ಅಷ್ಟೊತ್ತಿಗೆ ಹತ್ತು ದಿನ ಹೋಗಿರುತ್ತೆ, ನ್ಯಾನಾ. ಐದೇ ದಿನ ಉಳಿಯೋದು." ಅಜ್ಜಿಯನ್ನು ಅವಳು ನ್ಯಾನಾ ಎನ್ನುತ್ತಿದ್ದಳು.

ಜುಸಾರಾ ತಟ್ಟೆಯಲ್ಲಿದ್ದ ಮೀನನ್ನು ಸಣ್ಣ ಸಣ್ಣ ಚೂರು ಮಾಡಿಟ್ಟು ಒಂದನ್ನೂ ಬಾಯಿಗೆ ಹಾಕಿಕೊಳ್ಳಲಿಲ್ಲ.

ಸೋಮವಾರ ಇಬ್ಬರೂ ಪೇಟೆಯ ವಕೀಲೆಯ ಹತ್ತಿರ ಹೋದರು. ಪತ್ರ ಬರೆದವರೇ ಅದು ತಪ್ಪೆಂದು ತಿದ್ದಿ ಬರೆಯಬೇಕು, ಮನೆಯ ಯಜಮಾನಿ ಪ್ರಮಾಣ ಮಾಡಿ ಬರೆದುಕೊಡಬೇಕು, ನೆರೆಯವರು ಮೂರು ನಾಲ್ಕು ಜನ ಸಾಕ್ಷಿ ಹೇಳಬೇಕು ಎಂದಳು ಆಕೆ. ಹೊರಡುವಾಗ ಇನ್ನೊಂದು ಮಾತು ಸೇರಿಸಿದಳು. ಇದು ಇತ್ಯರ್ಥವಾಗುವವರೆಗೆ ಜುಸಾರಾ ಆ ಮನೆ ಬಿಟ್ಟು ಒಂದು ರಾತ್ರಿಯೂ ಬೇರೆಲ್ಲೂ ಇರಕೂಡದು, ಇದ್ದರೆ ಕಚೇರಿಯವರು ಹೇಳಿದ್ದೇ ನಿಜವಾಗುತ್ತದೆ.

ಕಾಗದ ಸರಿಯಾಗುವವರೆಗೆ ಬರಬೇಡ ಎಂದು ವೃದ್ಧಾಶ್ರಮದವರು ಹೇಳಿದ್ದರಿಂದ ಜುಸಾರಾ ದಿನವಿಡೀ ಮನೆಯಲ್ಲೇ ಉಳಿದಳು. ಬಣ್ಣದ ಕೆಲಸ ಅವಳದೇ ಆಯಿತು. ಅವಳು ಏಣಿಯ ಮೇಲೆ, ಫಿಲೋಮಿನಾ ಕೆಳಗೆ. ಸೂರಿನ ಮಸಿ ಕೆರೆದು, ಗೋಡೆ ತೊಳೆದು, ಎರಡು ಸುತ್ತು ಹಾಲುಬಣ್ಣ ಬಳಿದರು. ಹನ್ನೊಂದಕ್ಕೆ ಚಹಾ, ಒಂದು ಗಂಟೆಗೆ ಸೂಪು, ಬ್ರೆಡ್ಡು. ಕೆಲವು ದಿನ ಜುಸಾರಾ ತನ್ನೂರಿನ ಹಾಗೆ ಅನ್ನ, ಕಪ್ಪು ಬೀನ್ಸ್ ಮಾಡುತ್ತಿದ್ದಳು. ಮೊದಲ ವರ್ಷ ಅದನ್ನು ಫಿಲೋಮಿನಾ ಮೂಸಿ ನೋಡಿ ಪಕ್ಕಕ್ಕೆ ಸರಿಸುತ್ತಿದ್ದಳಂತೆ. ಈಗ ಎರಡು ಸಲ ಬಡಿಸಿಕೊಳ್ಳುತ್ತಿದ್ದಳು. ನೀವು ಪ್ರಮಾಣಪತ್ರ ಬರೆದಿರಾ ಡೋನಾ ಫಿಲೋಮಿನಾ ಎಂದು ಜುಸಾರಾ ತನ್ನೂರಿನ ಮರ್ಯಾದೆಯ ಮಾತು ಸೇರಿಸಿ ಕೇಳಿದಾಗಲೆಲ್ಲ, ಬರೆಯುತ್ತೇನೆ, ಈ ಬಾಗಿಲೊಂದು ಮುಗಿಯಲಿ ಎಂದು ಉತ್ತರ. ಬಾಗಿಲು ಮುಗಿದ ಮೇಲೆ ಕಿಟಕಿ.

ಒಂದು ದಿನ ಗಾರ್ಡಾ ಪೊಲೀಸರ ಕಾರು ನಮ್ಮ ದಾರಿಯಲ್ಲಿ ಬಂತು. ಯಾರದೋ ಟ್ರೇಲರ್ ಕಳುವಾಗಿತ್ತು, ನೀನೇನಾದರೂ ನೋಡಿದೆಯಾ ಎಂದು ಕೇಳಲು ನನ್ನಲ್ಲಿಗೆ ಬಂದಿದ್ದರು. ಅವರನ್ನು ಕಳಿಸಿ ಉರುವಲು ತರಲು ಹಿತ್ತಲ ಕೊಟ್ಟಿಗೆಗೆ ಹೋದರೆ ಜುಸಾರಾ ಅಲ್ಲಿ ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಕೈಯಲ್ಲಿ ಬಣ್ಣದ ಬ್ರಶ್ಶು ಹಾಗೇ ಇತ್ತು, ಬಣ್ಣ ಮೊಣಕೈವರೆಗೆ ಇಳಿದಿತ್ತು.

"ಹೋದ್ರಾ?" ಎಂದಳು.

ಹೋದರು, ಟ್ರೇಲರ್ ವಿಷಯಕ್ಕೆ ಬಂದಿದ್ದರು ಎಂದೆ. ನಂಬಲಿಲ್ಲ. ಎರಡು ಸಲ ಹೇಳಿಸಿಕೊಂಡಳು. ಏಳುವಾಗ ಕಾಲು ಜೋಮು ಹಿಡಿದಿತ್ತೇನೋ, ಗೋಡೆ ಹಿಡಿದು ಎದ್ದಳು. ನಾನು ಇದನ್ನು ಯಾರಿಗೂ ಹೇಳುವುದಿಲ್ಲ ಎಂದೆ. ನೀವು ಹೇಳಿದರೂ ಏನಾಗುತ್ತದೆ, ನನ್ನನ್ನು ಹುಡುಕುವವರಿಗೆ ವಿಳಾಸ ಗೊತ್ತಿದೆ ಎಂದು ಹೇಳಿ ಹೋದಳು. ಆ ದಿನದಿಂದ ಅಂಗಡಿಗೆ ಹೋಗುವುದನ್ನೂ ನಿಲ್ಲಿಸಿದಳು. ದಾರಿಯಲ್ಲಿ ಗಾಡಿಯ ಸದ್ದಾದರೆ ಅಡುಗೆಮನೆಯ ದೀಪ ಆರಿಸಿಬಿಡುತ್ತಾಳೆ ಎಂದು ಕಾರ್ಮಕ್ ನನ್ನ ಮುಂದೆ ಅತ್ತ. ಅವನು ಅತ್ತದ್ದನ್ನು ಅವನಪ್ಪನ ಶವಯಾತ್ರೆಯಲ್ಲೂ ನಾನು ನೋಡಿರಲಿಲ್ಲ.

ಎರಡನೇ ಭಾನುವಾರ ಏಥ್ನಾ ಅಜ್ಜಿಯ ಜೊತೆ ಆಲೂಗಡ್ಡೆ ಸಿಪ್ಪೆ ತೆಗೆಯುತ್ತ ಕೂತಿದ್ದಳು. ಕಾರ್ಮಕ್, ಜುಸಾರಾ ಹಿತ್ತಲಿನಲ್ಲಿದ್ದರು.

"ನ್ಯಾನಾ, ಫಾದರಿಗೆ ಹೇಳಿದ್ದು ನೀನೇ ತಾನೆ?"

"ಸಿಪ್ಪೆ ದಪ್ಪ ತೆಗೀತಿದ್ದೀಯ. ಅರ್ಧ ಆಲೂಗಡ್ಡೆ ಬಕೆಟ್ಟಿಗೆ ಹೋಯ್ತು."

"ಹೋದ ಕ್ರಿಸ್‌ಮಸ್ಸಿಗೆ ಆಚೆಮನೆ ಅಸಂಪ್ಟಾ ಬಂದಾಗ ನನ್ನ ಕೋಣೆ ತೋರಿಸಿ ಇದು ಜುಸಾರಾ ಕೋಣೆ ಅಂದೆ. ನನಗೆ ಕೇಳಿಸ್ತು. ನನ್ನ ಶಾಲೆ ಬ್ಯಾಗನ್ನ ಮಂಚದ ಕೆಳಗೆ ತಳ್ಳಿದ್ದೆ ನೀನು."

ಫಿಲೋಮಿನಾ ಚಾಕು ಕೆಳಗಿಟ್ಟಳು. ಮೊಮ್ಮಗಳಿಗೆ ಅವಳು ಹೇಳಿದ್ದು ಇಷ್ಟು: ಜುಸಾರಾ ಬಂದ ಮೊದಲ ಭಾನುವಾರ ಚರ್ಚಿನ ಬಾಗಿಲಲ್ಲಿ ಫಾದರ್ ಆ ಹುಡುಗಿ ಯಾರೆಂದು ಕೇಳಿದರು. ಪಕ್ಕದಲ್ಲಿ ಅಸಂಪ್ಟಾ ಇದ್ದಳು. ಫಿಲೋಮಿನಾಳ ಕೈಯಿಂದ ಹೂವಿನ ಕೆಲಸ ಯಾವಾಗ ತಪ್ಪುತ್ತದೆ ಎಂದು ಅವಳು ಇಪ್ಪತ್ತು ವರ್ಷದಿಂದ ಕಾಯುತ್ತಿದ್ದವಳು. ಮಗನ ಹೆಂಡತಿ ಇನ್ನೊಂದೂರಲ್ಲಿ ಬದುಕಿದ್ದಾಳೆ, ಅವನು ಇನ್ನೊಬ್ಬಳ ಜೊತೆ ನನ್ನ ಸೂರಿನಡಿಯಲ್ಲಿ ಇದ್ದಾನೆ ಎಂದರೆ ಪ್ರಸಾದ ಹಂಚುವ ಕೈ ಎಲ್ಲಿ ಉಳಿಯುತ್ತದೆ? ಬಾಡಿಗೆಯವಳು ಎಂದು ಬಾಯಿಗೆ ಬಂತು. ಆಮೇಲೆ ಆ ಮಾತನ್ನು ಕಾಪಾಡುವುದೇ ಕೆಲಸವಾಯಿತು. ಪ್ರತಿ ಭಾನುವಾರ ಬೆಂಚಿನಲ್ಲಿ ಅವರಿಬ್ಬರ ನಡುವೆ ತಾನೇ ಕೂರುತ್ತ ಬಂದಳು.

"ನೀನೇ ಅಪ್ಪನಿಗೆ ಹೇಳು," ಎಂದಳು ಏಥ್ನಾ. "ಇಲ್ಲಾಂದ್ರೆ ನಾನು ಹೇಳ್ತೀನಿ."

"ಪೂಜೆ ಮುಗೀಲಿ ಕಂದಾ. ಜನ ಬಂದು ಹೋಗ್ಲಿ."

"ಅವಳನ್ನ ಕಳಿಸಿಬಿಡ್ತಾರೆ, ನ್ಯಾನಾ. ವಿಮಾನ ಹತ್ತಿಸಿ ಕಳಿಸ್ತಾರೆ. ಐದು ವರ್ಷ ವಾಪಸ್ ಬರೋಕಾಗಲ್ಲ ಅಂತ ನೆಟ್ಟಲ್ಲಿ ಓದಿದೆ."

"ನಂಗೆ ನಿದ್ದೆ ಇದೆ ಅಂದ್ಕೊಂಡಿದ್ದೀಯಾ ನೀನು?" ಎಂದು ಫಿಲೋಮಿನಾ ಮತ್ತೆ ಚಾಕು ಎತ್ತಿಕೊಂಡಳು. ಏಥ್ನಾ ಇನ್ನೊಂದು ಆಲೂಗಡ್ಡೆ ಕೈಗೆತ್ತಿಕೊಂಡಳು. ಅಪ್ಪನಿಗೆ ಹೇಳಲಿಲ್ಲ. ಹೇಳಬೇಕಿತ್ತು ಎಂದು ಆಮೇಲೆ ನನ್ನ ಹತ್ತಿರ ಹೇಳಿದಳು.

ಶನಿವಾರ ಬೆಳಿಗ್ಗೆ ಹತ್ತಕ್ಕೆ ನಾವೆಲ್ಲ ಆ ಮನೆಯಲ್ಲಿ ಸೇರಿದೆವು, ಹೆಚ್ಚುಕಡಿಮೆ ಇಪ್ಪತ್ತು ಜನ. ಹೊಸ ಬಣ್ಣದ ವಾಸನೆ, ಬಿಳಿ ಮೇಜುಬಟ್ಟೆ, ಎರಡು ಮೇಣದಬತ್ತಿ. ಇನ್ನೊಂದು ಮೇಜಿನಲ್ಲಿ ಹ್ಯಾಮ್, ಸೋಡಾ ಬ್ರೆಡ್ಡು, ಸೇಬಿನ ಟಾರ್ಟು, ಜುಸಾರಾ ಮಾಡಿದ ಚೀಸ್ ಉಂಡೆ. ಅದೇನೆಂದು ಯಾರೋ ಕೇಳಿದಾಗ ಫಿಲೋಮಿನಾ, ನಮ್ಮ ಹುಡುಗಿ ಮಾಡಿದ್ದು ಎಂದು ಬೇಗ ಹೇಳಿ ಬೇರೆ ಕಡೆ ಹೋದಳು. ಕಾರ್ಮಕ್ ಕಿಟಕಿಯ ಹತ್ತಿರ ಮುಷ್ಟಿ ಬಿಗಿದುಕೊಂಡು ನಿಂತಿದ್ದ. ಪೂಜೆ ಮುಗಿಯುವವರೆಗೆ ಬಾಯಿ ತೆರೆಯುವುದಿಲ್ಲ ಎಂದು ಅಮ್ಮನಿಗೆ ಮಾತು ಕೊಟ್ಟಿದ್ದ.

ಫಾದರ್ ಕೋಲ್ಮನ್ ಕೊರಳಿಗೆ ನೇರಳೆ ಪಟ್ಟಿ ಹಾಕಿಕೊಂಡು ಮುಂದಿನ ಕೋಣೆಯಲ್ಲಿ ಕೂತರು. ನಾವು ಒಬ್ಬೊಬ್ಬರಾಗಿ ಹೋಗಿ ನಮ್ಮ ಸಣ್ಣಪುಟ್ಟ ಪಾಪ ಹೇಳಿ ಬಂದೆವು. ಕೊನೆಗೆ ಹೋದವಳು ಫಿಲೋಮಿನಾ. ಒಳಗೆ ನಡೆದದ್ದನ್ನು ಅವಳೇ ನನಗೆ ಹೇಳಿದಳು. ಹೇಳುವ ಅಧಿಕಾರ ಅವಳಿಗಿದೆ, ಪಾದ್ರಿಗಿಲ್ಲ. ಅವಳು ಎಲ್ಲವನ್ನೂ ಹೇಳಿದಳು. ಹೇಳಿ, ಎದೆಯ ಮೇಲಿನ ಕಲ್ಲು ಇಳಿದಂತಾಗಿ, ಫಾದರ್, ಇನ್ನು ನೀವು ಬೇರೆ ಪತ್ರ ಬರೆದುಕೊಡಿ ಎಂದಳು.

ಫಾದರ್ ತಲೆ ಎತ್ತಿ ಅವಳನ್ನು ನೋಡಿದರು.

"ಫಿಲೋಮಿನಾ, ಇದನ್ನ ನೀವು ಇಲ್ಲಿ ಹೇಳಬಾರದಿತ್ತು," ಎಂದರು. "ಪಾಪನಿವೇದನೇಲಿ ಕೇಳಿದ್ದನ್ನ ನಾನು ಈ ಕೋಣೆಯಿಂದ ಹೊರಗೆ ಒಯ್ಯೋ ಹಾಗಿಲ್ಲ. ಇದರ ಮೇಲೆ ಒಂದಕ್ಷರ ಬರೆಯೋ ಹಾಗಿಲ್ಲ. ಹೊರಗೆ ನಿಮ್ಮ ಹತ್ರ ಇದರ ಮಾತು ಎತ್ತೋ ಹಾಗೂ ಇಲ್ಲ. ನೀವೇ ಬಂದು, ಹೊರಗೆ, ಇನ್ನೊಂದ್ಸಲ ಹೇಳಬೇಕು."

"ಪೂಜೆ ಆದ್ಮೇಲೆ ಹಿತ್ತಲಲ್ಲಿ ಹೇಳ್ತೀನಿ, ಫಾದರ್."

"ಎಲ್ಲಾದ್ರೂ ಹೇಳಿ. ಹೇಳಿ ಅಷ್ಟೆ."

ಪೂಜೆ ನಡೆಯಿತು. ಪ್ರಸಾದ ಕೊಡುವಾಗ ಪಾದ್ರಿಯ ಪಕ್ಕ ನಿಲ್ಲಬೇಕಿದ್ದ ಫಿಲೋಮಿನಾ ನಿಲ್ಲಲಿಲ್ಲ, ಹಿಂದೆ ಬಾಗಿಲ ಹತ್ತಿರವೇ ಉಳಿದಳು. ಅಸಂಪ್ಟಾ ಅದನ್ನು ಗಮನಿಸಿದ್ದನ್ನು ನಾನು ಗಮನಿಸಿದೆ.

ಮೇಣದಬತ್ತಿ ಆರಿಸಿ, ಮೇಜು ತಿರುಗಿಸಿ, ಚಹಾ ಸುರಿಯಲು ಶುರುವಾಯಿತು. ಫಿಲೋಮಿನಾ ಪಾದ್ರಿಯನ್ನು ಹಿತ್ತಲಿಗೆ ಕರೆಯುವ ಮೊದಲೇ ಕಾರ್ಮಕ್ ಅವರ ಮುಂದೆ ಬಂದು ನಿಂತ.

"ಫಾದರ್, ಒಂದು ಮಾತು. ಜುಸಾರಾ ಈ ಮನೇಲಿ ಬಾಡಿಗೆಗಿದ್ದಾಳೆ ಅಂತ ಬರ್ದಿದ್ದೀರಿ. ನಿಮಗೆ ಯಾರು ಹೇಳಿದ್ರು?"

ಫಾದರ್ ಬಾಯಿ ತೆರೆದರು, ಮುಚ್ಚಿದರು. ಮೂರು ವರ್ಷದ ಹಿಂದೆ ಚರ್ಚಿನ ಬಾಗಿಲಲ್ಲಿ ಕೇಳಿದ್ದನ್ನು ಅವರು ಹೇಳಬಹುದಿತ್ತೇನೋ. ಆದರೆ ಒಂದು ಗಂಟೆಯ ಹಿಂದೆ ಕೇಳಿದ್ದು ಅದರ ಜೊತೆ ಗಂಟುಹಾಕಿಕೊಂಡಿತ್ತು. ಅವರು ಕೆಂಪಗಾಗಿ ಚಹಾದ ಕಪ್ಪನ್ನೇ ನೋಡುತ್ತ ಕೂತರು.

"ಅವಳ ಅರ್ಜಿ ವಜಾ ಆಗಿದೆ ಫಾದರ್, ನಿಮ್ಮ ಕಾಗದದಿಂದ. ಮುಂದಿನ ಶುಕ್ರವಾರ ಕೊನೇ ದಿನ. ಉತ್ತರ ಕೊಡಿ."

"ಕಾರ್ಮಕ್, ನನ್ನ ಕೈಲಿ..." ಎಂದು ಫಾದರ್ ಅಲ್ಲಿಗೇ ನಿಲ್ಲಿಸಿದರು. ನಮಗೆಲ್ಲ ಪಾದ್ರಿಯದೇ ತಪ್ಪು ಎಂದು ಖಾತ್ರಿಯಾಯಿತು. ಇಬ್ಬರು ಹೆಂಗಸರು ತಲೆ ಅಲ್ಲಾಡಿಸಿದರು.

ಫಿಲೋಮಿನಾ ಚಹಾದ ಕೆಟಲು ಹಿಡಿದುಕೊಂಡೇ ನಿಂತಿದ್ದಳು.

"ಅವರನ್ನ ಬಿಡು," ಎಂದಳು. "ನಾನು ಹೇಳಿದ್ದು. ಬಾಡಿಗೆಯವಳು ಅಂತ ಫಾದರಿಗೆ ಹೇಳ್ದೆ, ಅಸಂಪ್ಟಾಗೆ ಹೇಳ್ದೆ, ಊರಿಗೆಲ್ಲ ಹೇಳ್ದೆ. ಸುಳ್ಳು. ಆ ಸಣ್ಣ ಕೋಣೆ ಏಥ್ನಾದು. ಜುಸಾರಾ ನನ್ನ ಮಗನ ಜೊತೆ ಒಂದೇ ಕೋಣೇಲಿ ಇರ್ತಾಳೆ, ಮೂರು ವರ್ಷದಿಂದ. ಒಂದು ದಿನಾನೂ ಬಾಡಿಗೆ ಕೊಟ್ಟಿಲ್ಲ. ಕೇಳಿಸ್ತಾ ಫಾದರ್? ಇದು ಹೊರಗೆ ಹೇಳಿದ್ದು."

ಮೊದಲು ಮಾತಾಡಿದವಳು ಅಸಂಪ್ಟಾ.

"ಒಂದೇ ಹಗ್ಗದ ಮೇಲೆ ಅವರಿಬ್ಬರ ಬಟ್ಟೆ ಒಣಗೋದು ಮೂರು ವರ್ಷದಿಂದ ನೋಡ್ತಿದ್ದೀನಿ, ಫಿಲೋಮಿನಾ. ನಮಗೇನು ಕಣ್ಣಿಲ್ವಾ?"

"ಗೊತ್ತಿದ್ರೆ ಬರ್ದುಕೊಡಿ," ಎಂದ ಕಾರ್ಮಕ್. "ಗೊತ್ತಿದ್ದವರೆಲ್ಲ ಬರ್ದುಕೊಡಿ."

ಗೊತ್ತಿರುವುದು ಬೇರೆ, ಸರ್ಕಾರದ ಕಾಗದದ ಕೆಳಗೆ ಸಹಿ ಹಾಕುವುದು ಬೇರೆ. ಒಬ್ಬರಿಗೆ ಹಸು ಕರೆಯಲು ಹೊತ್ತಾಯಿತು, ಇನ್ನೊಬ್ಬರಿಗೆ ಮೊಮ್ಮಗನನ್ನು ಕರೆತರಬೇಕಿತ್ತು. ಕೋಟು ಹಾಕಿಕೊಂಡು ಹೊರಟವರಲ್ಲಿ ನಾನೂ ಒಬ್ಬ. ಬಾಗಿಲು ದಾಟುವಾಗ ತಿರುಗಿ ನೋಡಿದೆ. ಫಾದರ್ ಜೇಬಿನಿಂದ ಪೆನ್ನು ತೆಗೆಯುತ್ತಿದ್ದರು, ಅಸಂಪ್ಟಾ ಅವರ ಎದುರಿನ ಕುರ್ಚಿ ಎಳೆದುಕೊಳ್ಳುತ್ತಿದ್ದಳು. 

ನಾನು ಮರುದಿನ ಬೆಳಿಗ್ಗೆ ಬರೆದುಕೊಂಡು ಹೋಗಿ ಕೊಟ್ಟೆ. ಅಲ್ಲೇ ಬರೆಯುವುದಕ್ಕೂ ಮರುದಿನ ಬರೆಯುವುದಕ್ಕೂ ಇರುವ ವ್ಯತ್ಯಾಸ ನನಗೆ ಗೊತ್ತಿದೆ, ಯಾರೂ ಹೇಳಬೇಕಾಗಿಲ್ಲ.

ಎಲ್ಲರೂ ಹೋದ ಮೇಲೆ ಜುಸಾರಾ ಮೇಲಿನಿಂದ ಸೂಟ್‌ಕೇಸ್ ಹಿಡಿದು ಇಳಿದು ಬಂದಳಂತೆ. ಅವಳು ಅಡುಗೆಮನೆಯಿಂದ ಯಾವಾಗ ಎದ್ದು ಹೋದಳೆಂದು ಯಾರಿಗೂ ತಿಳಿದಿರಲಿಲ್ಲ. ಪೇಟೆಯಲ್ಲಿ ಅವಳೂರಿನ ಹುಡುಗಿಯರು ನಾಲ್ಕು ಜನ ಒಂದು ಮನೆ ಹಿಡಿದಿದ್ದರು, ಅಲ್ಲಿಗೆ ಹೊರಟಿದ್ದಳು. ಕಾರ್ಮಕ್ ಅಡ್ಡ ನಿಂತ. ಅವಳು ಅವನನ್ನು ನೋಡಲಿಲ್ಲ.

"ಎರಡು ವಾರ," ಎಂದಳು ಫಿಲೋಮಿನಾಗೆ. "ಈ ಗೋಡೆಗೆ ನಾವಿಬ್ರೂ ಬಣ್ಣ ಹೊಡೆದ್ವಿ. ನಾನು ಹೆದರ್ಕೊಂಡು ಸಾಯ್ತಿದ್ದೆ, ನೀವು ಏಣಿ ಹಿಡ್ಕೊಂಡು ಕೆಳಗೆ ನಿಂತಿದ್ರಿ. ಹೇಳೋಕಾಗ್ಲಿಲ್ವಾ ನಿಮಗೆ?"

"ಬಾಯಿ ಬರ್ಲಿಲ್ಲ," ಎಂದಳು ಫಿಲೋಮಿನಾ.

"ಜುಸಾರಾ, ವಕೀಲೆ ಏನು ಹೇಳಿದ್ದಾಳೆ ನೆನಪಿದೆಯಾ?" ಎಂದ ಕಾರ್ಮಕ್ ಮೆಲ್ಲಗೆ. "ಇವತ್ತು ನೀನು ಹೋದ್ರೆ, ಈಗ ಬರ್ದ ಕಾಗದ ಎಲ್ಲ ಸುಳ್ಳಾಗುತ್ತೆ."

ಅವಳು ಬಾಗಿಲ ಚಿಲಕದ ಮೇಲೆ ಕೈಯಿಟ್ಟುಕೊಂಡು ನಿಂತಳು. ಆಮೇಲೆ ನಗು ಬಂದಂತಾಯಿತು, ನಗಲಿಲ್ಲ.

"ನಿಮ್ಮ ದೇಶದಲ್ಲಿ ಮುನಿಸ್ಕೊಂಡು ಮನೆ ಬಿಟ್ಟು ಹೋಗೋಕೂ ಪರ್ಮಿಟ್ ಬೇಕು," ಎಂದು ಸೂಟ್‌ಕೇಸನ್ನು ಮತ್ತೆ ಮೇಲೆ ಹೊತ್ತುಕೊಂಡು ಹೋದಳು. ಮೆಟ್ಟಿಲ ತುದಿಯಲ್ಲಿ ತಿರುಗಿ, ಫಿಲೋಮಿನಾಳಿಗೆ ಕೇಳುವ ಹಾಗೆ, "ನಿಮ್ಮನ್ನ ಕ್ಷಮಿಸಿ ಉಳೀತಿಲ್ಲ ನಾನು. ವಿಳಾಸಕ್ಕೋಸ್ಕರ ಉಳೀತಿದ್ದೀನಿ," ಎಂದಳು.

ಫಿಲೋಮಿನಾ ಅವತ್ತೇ ಪ್ರಮಾಣಪತ್ರ ಬರೆದಳು. ಏಳು ಕಾಗದಗಳು ಸೇರಿದವು. ಬುಧವಾರ ಕಾರ್ಮಕ್ ತಾನೇ ರಾಜಧಾನಿಗೆ ಹೋಗಿ ಕಚೇರಿಯಲ್ಲಿ ಕೊಟ್ಟು ರಸೀದಿ ತಂದ.

ಆಮೇಲೆ ಆ ಮನೆಯಲ್ಲಿ ಕಾಯುವ ಕೆಲಸವೊಂದೇ ಉಳಿಯಿತು. ಜುಸಾರಾ ಅಡುಗೆ ಮಾಡುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಫಿಲೋಮಿನಾಳ ರಕ್ತದೊತ್ತಡದ ಮಾತ್ರೆಯನ್ನು ಮರೆಯದೆ ಅವಳ ತಟ್ಟೆಯ ಪಕ್ಕ ಇಡುತ್ತಿದ್ದಳು. ಮಾತು ಮಾತ್ರ ಇಲ್ಲ. ಏನಾದರೂ ಹೇಳಲೇಬೇಕಾದರೆ ಕಾರ್ಮಕ್‌ಗೆ ಹೇಳಿ ಅವನು ಅಮ್ಮನಿಗೆ ಹೇಳಬೇಕು. ಮೂರು ಅಡಿ ದೂರದಲ್ಲಿ ಕೂತವರ ನಡುವೆ ಉಪ್ಪು ಕೂಡ ಅವನ ಕೈಯಿಂದಲೇ ದಾಟಬೇಕು. ಇದೇನು ಹಾಲಿನ ಟ್ಯಾಂಕರ್ ಓಡಿಸುವುದಕ್ಕಿಂತ ಕಷ್ಟ ಎಂದು ಅವನು ನನ್ನ ಹತ್ತಿರ ಗೊಣಗಿದ. ಫಿಲೋಮಿನಾ ಹೂವಿನ ಕೆಲಸವನ್ನು ತಾನಾಗಿಯೇ ಬಿಟ್ಟಳು. ಫಾದರ್ ಬೇಡವೆಂದರೂ ಕೇಳಲಿಲ್ಲ.

ಪೂಜೆ ಮುಗಿದ ಹನ್ನೊಂದನೇ ದಿನ, ಬೆಳಿಗ್ಗೆ ಎಂಟಕ್ಕೆ, ಕಾರ್ಮಕ್ ಕೆಲಸಕ್ಕೆ ಹೋದ ಮೇಲೆ, ಬಾಗಿಲು ಬಡಿದ ಸದ್ದಾಯಿತು. ಒಬ್ಬ ಹೆಂಗಸು, ಒಬ್ಬ ಗಂಡಸು. ಇಬ್ಬರ ಕೊರಳಲ್ಲೂ ವಲಸೆ ಕಚೇರಿಯ ಗುರುತುಚೀಟಿ. ಮುಂಚೆ ತಿಳಿಸದೆ ಬರುವುದು ಪದ್ಧತಿ, ಮನೆ ನೋಡಬೇಕು ಎಂದರು. ಜುಸಾರಾ ಒಲೆಯ ಮುಂದೆ ಗಂಜಿ ಕಲಕುತ್ತಿದ್ದಳು. ಸೌಟು ಪಾತ್ರೆಯೊಳಗೇ ನಿಂತಿತು. ಅವಳು ಹಿತ್ತಲ ಬಾಗಿಲ ಕಡೆ ಒಮ್ಮೆ ನೋಡಿದ್ದನ್ನು ಫಿಲೋಮಿನಾ ಕಂಡಳು.

ಗಂಡಸು ಮೇಲೆ ಹೋಗಿ ಕೋಣೆಗಳನ್ನು, ಕಪಾಟುಗಳನ್ನು ತೆರೆದು ನೋಡಿದ. ಮಂಚದ ಯಾವ ಬದಿಗೆ ಯಾರು ಮಲಗುತ್ತಾರೆ, ಸ್ನಾನದ ಮನೆಯಲ್ಲಿ ಯಾವ ಬ್ರಶ್ಶು ಯಾರದು ಎಂದು ಇಳಿದು ಬಂದು ಕೇಳಿದ. ಜುಸಾರಾ ಹೇಳಿದಳು. ಹೆಂಗಸು ಮೇಜಿನ ಹತ್ತಿರ ಕೂತು ಬರೆದುಕೊಳ್ಳುತ್ತಿದ್ದಳು.

"ಇವರಿಗೂ ನಿಮಗೂ ಹೇಗೆ?" ಎಂದು ಫಿಲೋಮಿನಾಳ ಕಡೆ ಪೆನ್ನು ತೋರಿಸಿದಳು.

ಜುಸಾರಾ ಕೈ ಒರೆಸಿಕೊಂಡಳು. ಚೆನ್ನಾಗಿದ್ದೇವೆ ಎಂದು ಹೇಳುತ್ತಾಳೆ ಎಂದುಕೊಂಡಳು ಫಿಲೋಮಿನಾ. ಹೇಳಲಿ ಎಂದು ದೇವರನ್ನೂ ಬೇಡಿದಳು.

"ಮಾತಿಲ್ಲ," ಎಂದಳು ಜುಸಾರಾ.

"ಎಷ್ಟು ದಿನದಿಂದ?"

"ಹನ್ನೊಂದು ದಿನ."

ಆಕೆ ಫಿಲೋಮಿನಾಳ ಕಡೆ ತಿರುಗಿದಳು. "ಯಾಕೆ?"

"ಇವಳನ್ನ ಬಾಡಿಗೆಯವಳು ಅಂತ ಊರಿಗೆಲ್ಲ ಹೇಳಿದ್ದೆ. ಅದಕ್ಕೆ."

"ಮತ್ತೆ, ಯಾರು ಇವರು?"

"ನನ್ನ ಸೊಸೆ," ಎಂದಳು ಫಿಲೋಮಿನಾ. ಮೂರು ವರ್ಷದಲ್ಲಿ ಆ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲು. ಬಂದ ಮೇಲೆ ಮೇಜಿನ ಅಂಚನ್ನು ಹಿಡಿದುಕೊಂಡಳು.

ಹೆಂಗಸು ಬಹಳ ಹೊತ್ತು ಬರೆದಳು. ಮುಖ ನೋಡಿದರೆ ಒಳ್ಳೆಯದೋ ಕೆಟ್ಟದ್ದೋ ಏನೂ ತಿಳಿಯುವಂತಿರಲಿಲ್ಲ. ಕಾಗದ ಬರುತ್ತದೆ ಎಂದು ಹೇಳಿ ಇಬ್ಬರೂ ಎದ್ದು ಹೋದರು. ಕಾರು ದಾರಿಯ ತಿರುವು ದಾಟುವವರೆಗೂ ಒಳಗಿನ ಇಬ್ಬರೂ ಅಲ್ಲಾಡಲಿಲ್ಲ. ಗಂಜಿ ತಳ ಹಿಡಿದ ವಾಸನೆ ಬರುತ್ತಿತ್ತು.

"ಏನು ಬರ್ಕೊಂಡ್ಲು ಅವಳು?" ಎಂದಳು ಜುಸಾರಾ.

ಹನ್ನೊಂದು ದಿನದಲ್ಲಿ ಮೊದಲ ಮಾತು.

"ಕಾಣಿಸ್ಲಿಲ್ಲ. ಕನ್ನಡಕ ಹಾಕಿರ್ಲಿಲ್ಲ ನಾನು."

"ನಾನು ಮಾತಿಲ್ಲ ಅನ್ನಬಾರದಿತ್ತಾ? ಅದನ್ನೇ ಹಿಡ್ಕೊಂಡು ಕಳಿಸಿಬಿಡ್ತಾರಾ?"

"ಗೊತ್ತಿಲ್ಲ ಮಗಳೇ." ಫಿಲೋಮಿನಾ ಹಿಡಿದಿದ್ದ ಮೇಜಿನ ಅಂಚನ್ನು ಬಿಡಲಿಲ್ಲ. "ನಂಗೆ ಭಯ ಆಗ್ತಿದೆ, ಜುಸಾರಾ."

"ಆಗ್ಲಿ," ಎಂದಳು ಜುಸಾರಾ. "ಇಷ್ಟು ದಿನ ನಂಗೊಬ್ಬಳಿಗೇ ಆಗ್ತಿತ್ತು."

ಒಲೆ ಆರಿಸಿ, ಅವಳ ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.